ಆರದೇ ಹೋದ ಬಾಯ್ಲರ್

ಮಾರ್ಚ್ 6, ಗುರುವಾರ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ.

ಈ ಕಥೆಯನ್ನು ಮೊಟ್ಟಮೊದಲು ಹೇಳಿದವನು ನಮ್ಮ ಆಸ್ಪತ್ರೆಯ ಸ್ಟೋರ್ ಗುಮಾಸ್ತ. ಹೇಳಿದ್ದು ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ಆಡಳಿತಾಧಿಕಾರಿಗಳ ಮೇಜಿನ ಮುಂದೆ ನಿಂತು. ಬೆಂಕಿ ಆರಿ ಅರ್ಧ ಗಂಟೆಯೂ ಆಗಿರಲಿಲ್ಲ. ಆ ಪುಣ್ಯಾತ್ಮ ಬೆಂಕಿಯನ್ನು ನೋಡಿರಲಿಲ್ಲ, ಬಾಯ್ಲರನ್ನು ನೋಡಿರಲಿಲ್ಲ, ನನ್ನನ್ನಂತೂ ನೋಡಿರಲೇ ಇಲ್ಲ. ಆದರೂ ಕಣ್ಣಾರೆ ಕಂಡವನ ಹಾಗೆ ಹೇಳಿದನಂತೆ: "ಸಾರ್, ಮೂರನೇ ಮಹಡಿಯ ಬಿಸಿನೀರಿನ ಹೆಂಗಸು ಬಾಯ್ಲರ್ ಹಚ್ಚಿಟ್ಟು ಎಲ್ಲೋ ಹರಟೆಗೆ ಹೋಗಿದ್ಲು. ನೀರೆಲ್ಲ ಬತ್ತಿ ಹತ್ತಿಕೊಂಡ್ತು." ಎರಡೇ ಸಾಲು. ನನ್ನ ಹನ್ನೆರಡು ವರ್ಷದ ಕೆಲಸ ಆ ಎರಡು ಸಾಲಿನಲ್ಲಿ ಮುಗಿದುಹೋಯಿತು.

ಈಗ ನಾನು ಹೇಳುತ್ತೇನೆ, ಕೇಳು. ಬೆಳಗಿನ ಸರದಿಯ ನೀರು ಹಂಚಿ ಮುಗಿದಿತ್ತು. ನಾನು ಅಲ್ಲೇ ಬಾಗಿಲ ಹತ್ತಿರ ಲೋಟ ತೊಳೆಯುತ್ತಿದ್ದೆ. ಬಾಯ್ಲರಿನ ಹಿಂಬದಿಯಿಂದ ಸುಟ್ಟ ವಾಸನೆ ಬಂತು. ತಿರುಗಿ ನೋಡುವಷ್ಟರಲ್ಲಿ ಮುಚ್ಚಳದ ಹಿಡಿಕೆ ಬೆಣ್ಣೆಯ ಹಾಗೆ ಕರಗಿ ಇಳಿಯುತ್ತಿದೆ, ಹಿಂದಿನ ಮರದ ಹಲಗೆಯ ಮೇಲಿದ್ದ ಕಾಗದದ ಲೋಟಗಳು ಹತ್ತಿಕೊಂಡಿವೆ. ನನ್ನ ಜೊತೆಯವಳು ಗುಬ್ಬಿ ಗೊತ್ತಲ್ಲ, ಮುಷ್ಟಿಯಷ್ಟಿದ್ದಾಳೆ, ಅವಳು ಹಾರಿ ಪ್ಲಗ್ಗು ಕಿತ್ತಳು. ಅಂಗೈ ಸುಟ್ಟಿತು. ಅವಳು ಕಿತ್ತಿದ್ದಕ್ಕೆ ಮಹಡಿ ಉಳಿಯಿತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ನನ್ನನ್ನು ಕೆಲಸದಿಂದ ಹೊರಗಿಟ್ಟಿದ್ದಾರೆ. ಏಪ್ರಿಲ್ 3ಕ್ಕೆ ವಿಚಾರಣೆ. ಸುಟ್ಟ ಬಾಯ್ಲರನ್ನು ಪರೀಕ್ಷೆಗೆ ಅಂತ ಕಂಪನಿಗೆ ಕಳಿಸಿದ್ದಾರೆ. ಯಾವ ಕಂಪನಿ ಅಂತೀಯ? ನಿನ್ನದೇ. ಬದಿಯಲ್ಲಿ ನಿಮ್ಮ ಕಾರ್ಖಾನೆಯ ಚೀಟಿ ಇದೆ, "ನೀರಿಲ್ಲದಿದ್ದರೆ ತಾನೇ ಆರುತ್ತದೆ" ಅಂತ ದಪ್ಪಕ್ಷರದಲ್ಲಿ ಬರೆದಿದೆ. ಹನ್ನೆರಡು ವರ್ಷ ಆ ಅಕ್ಷರ ಒರೆಸಿ ಒರೆಸಿ ಹೊಳೆಯಿಸಿದವಳು ನಾನು. ಹಾಗಾದರೆ ಅದು ಯಾಕೆ ಆರಲಿಲ್ಲ? ನೀನು ಅಲ್ಲೇ ಕೂತು ಬಾಯ್ಲರ್ ಜೋಡಿಸುವವನು. ಕೇಳಿ ಬರೆ.

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಅಳು ಬರುತ್ತದೆ, ಕಾಗದದಲ್ಲಿ ಸಿಟ್ಟು ಬರುತ್ತದೆ. ಈಗ ನನಗೆ ಸಿಟ್ಟೇ ಬೇಕು.

ಇಂತಿ, ನಿನ್ನ ಅಕ್ಕ


ಮಾರ್ಚ್ 12, ಬುಧವಾರ

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ಓದಿ ಬಹಳ ಬೇಸರವಾಯಿತು. ಮೊದಲು ಸಮಾಧಾನ ಮಾಡಿಕೋ.

ವಿಷಯವನ್ನು ತಿಳಿಯುವ ಹಾಗೆ ಹೇಳುತ್ತೇನೆ. ಬಾಯ್ಲರಿನ ತಳದಲ್ಲಿ ನೀರು ಕಾಯಿಸುವ ಕಾಯಿಲ್ ಇರುತ್ತದೆ. ಅದರ ಒಂದು ತುದಿಗೆ ಅಂಟಿಕೊಂಡ ಹಾಗೆ ಕಟ್-ಆಫ್ ಇರುತ್ತದೆ. ಅದರೊಳಗೆ ಎರಡು ಲೋಹ ಬೆಸೆದ ಒಂದು ಪುಟ್ಟ ಬಿಲ್ಲೆ. ನೀರಿರುವವರೆಗೆ ಕಾಯಿಲಿನ ಕಾವನ್ನು ನೀರು ಹೀರಿಕೊಳ್ಳುತ್ತದೆ, ಬಿಲ್ಲೆ ಸುಮ್ಮನಿರುತ್ತದೆ. ನೀರು ಮುಗಿದರೆ ಕಾಯಿಲ್ ಕೆಂಪಗೆ ಕಾಯತೊಡಗುತ್ತದೆ. ಆಗ ಬಿಲ್ಲೆ ಟಕ್ಕೆಂದು ಹಿಮ್ಮುಖವಾಗಿ ಬಾಗಿ ಕರೆಂಟು ಕಡಿದುಬಿಡುತ್ತದೆ. ಆಮೇಲೆ ಮನುಷ್ಯರು ಕೆಂಪು ಗುಂಡಿ ಒತ್ತಿದರೆ ಮಾತ್ರ ಮತ್ತೆ ಹತ್ತುತ್ತದೆ. ನಮ್ಮಲ್ಲಿ ಪ್ರತಿ ಬಾಯ್ಲರನ್ನೂ ನೀರಿಲ್ಲದೆ ಹಚ್ಚಿ ನೋಡಿಯೇ ಹೊರಗೆ ಬಿಡುವುದು. ಒಂದು ನಿಮಿಷದೊಳಗೆ ಆರಲೇಬೇಕು.

ಆದ್ದರಿಂದ ಅದು ಆರಲಿಲ್ಲ ಎಂದರೆ ಯಾರೋ ಕಟ್-ಆಫಿಗೆ ಕೈ ಹಾಕಿರಬೇಕು. ಗುಂಡಿ ಮತ್ತೆ ಮತ್ತೆ ಹಾರುತ್ತದೆ ಎಂದು ತಂತಿ ಕಟ್ಟಿ ಕರೆಂಟು ಕಡಿಯದಂತೆ ಮಾಡುವವರಿದ್ದಾರೆ. ನೀನು ಅಂಥವಳಲ್ಲ, ಆದರೆ ನಿಮ್ಮ ಹನ್ನೊಂದು ಬಿಸಿನೀರಿನ ಕೋಣೆಗಳಲ್ಲಿ ಹನ್ನೆರಡು ಹೆಂಗಸರ ಕೈ ಓಡಾಡುತ್ತದೆ.

ಕಂಪನಿಗೆ ಬಂದ ಬಾಯ್ಲರ್ ಯಾರ ಮೇಜಿಗೆ ಹೋಗುತ್ತದೆಂದು ನನಗೆ ತಿಳಿಯದು. ನನ್ನ ಮಾತು ಕೇಳುವುದಾದರೆ, ವಿಚಾರಣೆಗೆ ಮುಂಚೆಯೇ "ಗಮನ ತಪ್ಪಿತು, ಕ್ಷಮಿಸಿ" ಎಂದು ಒಂದು ಕಾಗದ ಬರೆದುಕೊಟ್ಟುಬಿಡು. ಹನ್ನೆರಡು ವರ್ಷದ ಹೆಂಗಸನ್ನು ಮನೆಗೆ ಕಳಿಸುವಷ್ಟು ಕಲ್ಲೆದೆಯವರಲ್ಲ ಅವರು.

ಇಂತಿ, ನಿನ್ನ ತಮ್ಮ


ಮಾರ್ಚ್ 15, ಶನಿವಾರ

ತಮ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಬಿಲ್ಲೆ ಹೇಗೆ ಬಾಗುತ್ತದೆ ಅಂತ ಗೊತ್ತಾಯಿತು. ಎರಡನೇ ಸಲ ಓದಿದಾಗ ನೀನು ಹೇಗೆ ಬಾಗುತ್ತೀಯ ಅಂತ ಗೊತ್ತಾಯಿತು.

ಕ್ಷಮಿಸಿ ಅಂತ ಬರೆದುಕೊಡಬೇಕೇ ನಾನು? ಯಾವುದಕ್ಕೆ? ತಾನೇ ಆರುತ್ತೇನೆ ಅಂತ ಬರೆದುಕೊಂಡು ಆರದೇ ಹೋದದ್ದು ಅದು. ಕ್ಷಮೆಯನ್ನು ಅದೇ ಕೇಳಲಿ. ಬಾಯಿಲ್ಲದಿದ್ದರೆ ಅದನ್ನು ಮಾಡಿದವರು ಕೇಳಲಿ.

ತಂತಿ ಕಟ್ಟಿದರು ಅಂತೀಯಲ್ಲ, ನಮ್ಮ ಕೋಣೆ ಒಮ್ಮೆ ಬಂದು ನೋಡು. ಏಳು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಒಳಗೋಡೆಗೆ ಒರಗಿಸಿದ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಬಾಯ್ಲರು, ನಲ್ಲಿ ನಮ್ಮ ಕಡೆಗೆ. ಸ್ಟ್ಯಾಂಡಿನ ಮುಂದೆಯೇ ಮೋರಿಯ ತೂತು. ನೆಲ ತೊಳೆಯುವುದಕ್ಕೆ ನಾನು ಪೊರಕೆ ಹಿಡಿಯುವುದೇ ಬೇಡ. ಗೋಡೆಯ ಬುಡದಲ್ಲಿ ಒಂದು ಬಕೆಟ್ಟು ಸುರಿದರೆ ಸಾಕು, ನೀರು ಹೇಳಿಸಿಕೊಳ್ಳದೆ ತಾನಾಗಿ ಸ್ಟ್ಯಾಂಡಿನ ಕಾಲುಗಳ ನಡುವೆ ನುಸುಳಿ ಮೋರಿಗೆ ಓಡುತ್ತದೆ. ಅಂಥ ನೆಲ. ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡ ಜಾಗದಲ್ಲಿ ತಂತಿ ಕಟ್ಟಿ ಕೂರುತ್ತೇವೆಯೇ ನಾವು?

ದಿನಾ ಗೇಟಿನವರೆಗೆ ಹೋಗುತ್ತೇನೆ. ಕಾವಲುಗಾರ ಮುಖ ಆ ಕಡೆ ತಿರುಗಿಸಿಕೊಂಡು, "ಬಿಡಬೇಡ ಅಂದಿದ್ದಾರಮ್ಮ, ನಾನೇನು ಮಾಡ್ಲಿ" ಅನ್ನುತ್ತಾನೆ. ಅವನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಹೊತ್ತು ಹೊತ್ತಿಗೆ ಬಿಸಿನೀರು ಕೊಟ್ಟವಳು ನಾನು. ಗುಬ್ಬಿ ಎಡಗೈಯಲ್ಲೇ ಕೆಲಸ ಮಾಡುತ್ತಿದ್ದಾಳೆ. ರಜೆ ಕೇಳಿದರೆ ಅವಳ ಹೆಸರೂ ಆ ಕಥೆಯೊಳಗೆ ಸೇರುತ್ತದೆ ಅಂತ ಹೆದರಿಕೆ.

ನೀನು ಸಮಾಧಾನ ಹೇಳಬೇಡ. ಯಾಕೆ ಆರಲಿಲ್ಲ ಅನ್ನುವುದನ್ನು ಹೇಳು.

ಅಕ್ಕ


ಮಾರ್ಚ್ 19, ಬುಧವಾರ

ತಮ್ಮಾ,

ನಿನ್ನಿಂದ ಉತ್ತರ ಬರಲಿಲ್ಲ, ನಿಮ್ಮ ಕಂಪನಿಯಿಂದ ಬಂತು. ಗುಮಾಸ್ತ ಗೇಟಿಗೆ ತಂದು ನನ್ನ ಕೈಗೆ ಒಂದು ಪ್ರತಿ ಕೊಟ್ಟ. ಮದುವೆ ಕಾಗದ ಕೊಡುವವನ ಹಾಗೆ ನಗುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

"ಬಂದಿರುವ ಬಾಯ್ಲರಿನ ಕಟ್-ಆಫನ್ನು ಬಿಚ್ಚಿ, ಅದೇ ಮಾದರಿಯ ಹೊಸ ಬಾಯ್ಲರಿಗೆ ಕೂರಿಸಿ, ಪರೀಕ್ಷಾ ಮೇಜಿನ ಮೇಲೆ ಐದು ಬಾರಿ ನೀರು ಬತ್ತಿಸಿ ನೋಡಲಾಯಿತು. ಐದು ಬಾರಿಯೂ ನಿಗದಿತ ಸಮಯದೊಳಗೆ ಕರೆಂಟು ಕಡಿತವಾಗಿದೆ. ಸಾಧನದಲ್ಲಿ ದೋಷವಿಲ್ಲ. ಘಟನೆಗೆ ಕಾರಣ ಬಳಕೆದಾರರ ನಿರ್ಲಕ್ಷ್ಯ. ಸಹಿ, ಹಿರಿಯ ಪರೀಕ್ಷಕ."

ಸಹಿ ಅಂತ ಇರುವುದು ಒಂದು ಸುರುಳಿ, ಕೆಳಗೊಂದು ಗೆರೆ. ಹೆಸರಿಲ್ಲ. ಯಾರಪ್ಪಾ ಈ ಹಿರಿಯ ಪರೀಕ್ಷಕ? ನಿನ್ನ ಕಾರ್ಖಾನೆಯಲ್ಲೇ ಉಂಡು ಓಡಾಡುತ್ತಿರಬೇಕಲ್ಲ. ಅವನನ್ನು ಹುಡುಕು. ಐದು ಸಲ ಮೇಜಿನ ಮೇಲೆ ನೋಡಿದವನು ಒಂದೇ ಒಂದು ಸಲ ನಮ್ಮ ಕೋಣೆಗೆ ಬಂದು ನೋಡಬಾರದಿತ್ತೇ ಅಂತ ಕೇಳು. ನಿರ್ಲಕ್ಷ್ಯ ಅನ್ನುವ ಪದ ಬರೆಯುವಾಗ ಅವನ ಪೆನ್ನು ಒಮ್ಮೆಯೂ ನಿಲ್ಲಲಿಲ್ಲವೇ ಅಂತ ಕೇಳು. ಅವನಿಗೊಬ್ಬಳು ಅಕ್ಕ ಇದ್ದಾಳೆಯೇ ಅಂತಲೂ ಕೇಳು.

ಇನ್ನೊಂದು ಮಾತು. ನಿನಗೆ ಸುಳ್ಳು ಬರೆದಿದ್ದೆ. ನಾನು ಬಾಗಿಲ ಹತ್ತಿರ ಲೋಟ ತೊಳೆಯುತ್ತಿರಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದೆ. ಬೆಳಗಿನ ಐದೂವರೆಯಿಂದ ನಿಂತೇ ಇದ್ದೆ, ಕಾಲು ಊದಿ ದಿಂಬಾಗಿತ್ತು. ಹತ್ತು ನಿಮಿಷ ಅಂತ ಕೂತವಳು ಅರ್ಧ ಗಂಟೆ ಕೂತುಬಿಟ್ಟೆ. ಹಿಡಿಕೆ ಕರಗಿದ್ದನ್ನು ಕಂಡವಳು ಗುಬ್ಬಿ; ನಾನು ಬಾಗಿಲ ಹತ್ತಿರವೇ ಇದ್ದೆ ಅಂತ ಹೇಳು ಅಂತ ಅವಳಿಗೂ ಹೇಳಿಕೊಟ್ಟಿದ್ದೇನೆ. ಈ ವರದಿ ಓದಿದ ಮೇಲೆ ನನಗೇ ಅನುಮಾನ, ಆ ಗುಮಾಸ್ತ ಹೇಳಿದ ಕಥೆಯೇ ನಿಜವೇನೋ ಅಂತ.

ಅಕ್ಕ


ಮಾರ್ಚ್ 22, ಶನಿವಾರ

ಅಕ್ಕಾ,

ಆ ಸುರುಳಿ ನನ್ನದು.

ಇದಕ್ಕಿಂತ ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ಹೋದ ವರ್ಷ ನನಗೆ ಬಡ್ತಿಯಾಯಿತು. ಜೋಡಣೆಯಿಂದ ಪರೀಕ್ಷೆಗೆ ಹಾಕಿದರು. ಊರಿಗೆ ಬಂದಾಗ ಎದುರಿಗೇ ಹೇಳಿ ನಿನ್ನ ಮುಖ ನೋಡಬೇಕೆಂದುಕೊಂಡಿದ್ದೆ. ನಿನ್ನ ಬಾಯ್ಲರ್ ಮಾರ್ಚ್ 11ಕ್ಕೆ ಬಂತು. ನಾನು ನಿನಗೆ ಬಿಲ್ಲೆಯ ಪಾಠ ಬರೆದ ದಿನ ಅದು ನನ್ನ ಮೇಜಿನ ಮೇಲೆ ಎರಡು ಮೊಳ ದೂರದಲ್ಲಿತ್ತು. ಮರುದಿನ ವರದಿ ಬರೆದೆ. ಅಕ್ಕನ ವಿಷಯವೆಂದು ಮೆತ್ತಗಾದೆ ಅನ್ನಿಸಿಕೊಳ್ಳಬಾರದೆಂದು ಎಲ್ಲರಿಗಿಂತ ಬಿಗಿಯಾಗಿ ಬರೆದೆ. ಆ ಕೊನೆಯ ಸಾಲು ಯಾರೂ ಹೇಳಿ ಬರೆಸಿದ್ದಲ್ಲ.

ಮೇಜಿನ ಮೇಲೆ ಐದೂ ಸಲ ಆರಿದ್ದು ನಿಜ. ಆದರೆ ಆ ಮೇಜಿನ ಕಥೆ ಕೇಳು. ಪ್ರತಿದಿನ ಬೆಳಿಗ್ಗೆ ನಾನು ಬಂದವನೇ ಮಾಡುವ ಮೊದಲ ಕೆಲಸ ಅದರ ಮೇಲೆ ರಸಮಟ್ಟ ಇಡುವುದು. ಗಾಜಿನೊಳಗಿನ ಗುಳ್ಳೆ ನಡುಮಧ್ಯಕ್ಕೆ ಬರುವವರೆಗೆ ಕಾಲಿನ ತಿರುಪು ತಿರುಗಿಸುತ್ತೇನೆ. ಒಂದು ಕೂದಲಷ್ಟು ವಾಲಿದರೂ ಪರೀಕ್ಷೆ ಶುರು ಮಾಡುವುದಿಲ್ಲ. ವಿಭಾಗದವರು ನನ್ನನ್ನು ರಸಮಟ್ಟ ಅಂತಲೇ ಕರೆಯುವುದು. ನನಗೆ ಅದು ಹೆಮ್ಮೆಯಾಗಿತ್ತು.

ಮಂಗಳವಾರ ನಿನ್ನ ಕಾಗದ ಬಂತು. ಗೋಡೆಯ ಬುಡದಲ್ಲಿ ಸುರಿದ ನೀರು ತಾನಾಗಿ ಮೋರಿಗೆ ಓಡುತ್ತದೆ ಎಂದು ಬರೆದಿದ್ದೆಯಲ್ಲ, ಅಲ್ಲಿ ನನ್ನ ಊಟ ನಿಂತಿತು. ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಮೇಜಿನ ಹಿಂದಿನ ಎರಡು ಕಾಲಿಗೆ ಎರಡು ಬೆರಳು ದಪ್ಪದ ಹಲಗೆ ಇಟ್ಟೆ. ಬಾಯ್ಲರ್ ಮುಂದಕ್ಕೆ ವಾಲಿತು. ಹಚ್ಚಿದೆ. ನೀರು ಕುದಿದು ಕುದಿದು ಇಳಿಯಿತು. ಕೊನೆಗೆ ಉಳಿದ ಎರಡು ಲೋಟ ನೀರು ಮುಂದುಗಡೆ, ನಲ್ಲಿಯ ಬುಡಕ್ಕೆ ಬಂದು ನಿಂತಿತು. ಕಟ್-ಆಫ್ ಇರುವುದೂ ಅಲ್ಲೇ. ಗುಂಡಿ ಕೈಗೆ ಸಿಗಲೆಂದು ನಾವೇ ಅದನ್ನು ನಲ್ಲಿಯ ಕೆಳಗಿಟ್ಟಿದ್ದೇವೆ. ಆ ತುದಿ ನೀರೊಳಗೆ ಸುಖವಾಗಿ ಕೂತಿದೆ. ಹಿಂದಿನ ತುದಿ ಒಣಗಿ ಕೆಂಡವಾಗುತ್ತಿದೆ. ಒಂದು ನಿಮಿಷ, ಮೂರು ನಿಮಿಷ, ಐದು ನಿಮಿಷ. ಬಿಲ್ಲೆ ಅಲ್ಲಾಡಲಿಲ್ಲ. ಆರನೇ ನಿಮಿಷಕ್ಕೆ ಮುಚ್ಚಳದ ಹಿಡಿಕೆ ಕರಗಿತು, ನೀನು ಬರೆದಿದ್ದೆಯಲ್ಲ, ಬೆಣ್ಣೆಯ ಹಾಗೆ. ನಾನೇ ಪ್ಲಗ್ಗು ಕಿತ್ತೆ. ಇನ್ನೊಂದು ಬಾಯ್ಲರ್ ತಂದು, ಹಿಂದುಮುಂದು ತಿರುಗಿಸಿ, ಕಟ್-ಆಫ್ ಎತ್ತರದ ಕಡೆ ಬರುವಂತೆ ಇಟ್ಟು ಹಚ್ಚಿದೆ. ನೀರು ಇಳಿದ ನಲವತ್ತು ಸೆಕೆಂಡಿಗೆ ಆರಿತು.

ಮುಖ್ಯಸ್ಥರ ಹತ್ತಿರ ಹೋದೆ.

"ಮೇಜು ಮಟ್ಟವಾಗಿರಬೇಕು ಅಂತ ಕೈಪಿಡೀಲೇ ಇದೆಯಲ್ಲಪ್ಪ" ಎಂದರು.

"ಮೇಜು ಮಟ್ಟ ಸಾರ್. ಮೋರಿ ಇರೋ ಕೋಣೆಯ ನೆಲ ಮಟ್ಟವಾಗಿದ್ರೆ ನೀರು ಹೋಗೋದು ಎಲ್ಲಿಗೆ?"

"ಅದು ಅವರ ಮನೆ ನೆಲ. ನಮ್ಮ ಬಾಯ್ಲರಲ್ಲ."

"ನಮ್ಮ ಬಾಯ್ಲರ್ ಗಾಳೀಲಿ ತೇಲ್ತದಾ ಸಾರ್?"

"ವರದಿ ಹೋಗಾಯ್ತು. ಒಂದೇ ಕೈಯಿಂದ ಎರಡು ವರದಿ ಹೋಗಲ್ಲ. ಹೋಗಿ ಕೆಲಸ ನೋಡು."

ನಾನು ಎರಡನೆಯದನ್ನು ಬರೆದಿದ್ದೇನೆ. ಪೂರ್ತಿ ಹೆಸರು ಹಾಕಿ, ಬಿಡಿಸಿದ ಅಕ್ಷರದಲ್ಲಿ. ಒಂದು ಪ್ರತಿ ನಿಮ್ಮ ಆಡಳಿತಾಧಿಕಾರಿಗೆ ಹೋಗಿದೆ, ಇನ್ನೊಂದು ಇದರ ಜೊತೆ ಇದೆ.

ಇನ್ನು ನಿನ್ನ ಸುಳ್ಳಿನ ವಿಷಯ. ನೀನು ಅರ್ಧ ಗಂಟೆ ಕೂತಿದ್ದೆ. ಕೂರಬೇಕಾದದ್ದೇ. ಅಕ್ಕಾ, ಸದಾ ಪಕ್ಕದಲ್ಲೇ ನಿಂತಿರುವವರಿಗೆ ಕಟ್-ಆಫ್ ಯಾಕೆ ಬೇಕು? ಮನುಷ್ಯರು ದಣಿಯುತ್ತಾರೆ, ಮರೆಯುತ್ತಾರೆ, ಕೂರುತ್ತಾರೆ ಅಂತಲೇ ಅದನ್ನು ಮಾಡಿರುವುದು. ನೀನು ಕೂತ ಹೊತ್ತಿಗೆ ಎದ್ದಿರಬೇಕಾದದ್ದು ಅದು, ಮತ್ತು ನಾನು. ಈ ಮಾತು ನನಗೆ ಹದಿಮೂರನೇ ತಾರೀಖೇ ಹೊಳೆಯಬೇಕಿತ್ತು. ವಿಚಾರಣೆಯಲ್ಲಿ ಇದ್ದದ್ದನ್ನೇ ಹೇಳು, ಗುಬ್ಬಿಯ ಕೈಲೂ ಅದನ್ನೇ ಹೇಳಿಸು.

ತಮ್ಮ ಎಂದು ಬರೆಯಬಹುದೋ ಇಲ್ಲವೋ ತಿಳಿಯದು


ಮಾರ್ಚ್ 26, ಬುಧವಾರ

ಮಾನ್ಯ ಹಿರಿಯ ಪರೀಕ್ಷಕರಿಗೆ ಮೂರನೇ ಮಹಡಿಯ ಬಿಸಿನೀರಿನ ಹೆಂಗಸು ಮಾಡುವ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ತಾವು ದೊಡ್ಡವರಾದ ಸುದ್ದಿ ತಿಳಿದು ಸಂತೋಷವಾಯಿತು. ಚಿಕ್ಕಂದಿನಲ್ಲಿ ತಾವು ಕಾಪಿ ಪುಸ್ತಕದಲ್ಲಿ ಹೆಸರಿನ ಕೆಳಗೆ ಅಡಿಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದಿರಿ. ಆ ಪಟ್ಟಿ ಕೊಡಿಸಿದವಳು ನಾನು. ವರದಿಯ ಮೇಲಿನ ಗೆರೆ ನೋಡಿದ ಕೂಡಲೇ ನನಗೆ ಗುರುತು ಹತ್ತಬೇಕಿತ್ತು. ಹತ್ತಲಿಲ್ಲ. ನಾನೂ ನಂಬಿದವರನ್ನು ಸರಿಯಾಗಿ ನೋಡುವುದಿಲ್ಲ ಅಂತ ಕಾಣುತ್ತದೆ.

ತಾವು ಕಳಿಸಿದ ಎರಡನೇ ವರದಿಯನ್ನು ಗುಬ್ಬಿ ಆಡಳಿತಾಧಿಕಾರಿಗಳ ಮೇಜಿನ ಮೇಲೆ ನೋಡಿದ್ದಾಳೆ. ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರಂತೆ. ಕಾಗದಕ್ಕೆ ಇಲ್ಲಿ ಅಷ್ಟೇ ಕೆಲಸ. ಮೊದಲನೆಯ ಕಾಗದ ಮಾತ್ರ ಫೈಲಿನಲ್ಲಿ ಜೋಪಾನವಾಗಿದೆ.

ಬರೆದದ್ದನ್ನು ಬಾಯಲ್ಲಿ ಹೇಳುವ ಧೈರ್ಯ ಪರೀಕ್ಷಕರಿಗಿದ್ದರೆ ಏಪ್ರಿಲ್ 3, ಬೆಳಿಗ್ಗೆ ಹನ್ನೊಂದು ಗಂಟೆ. ಗೇಟಿನ ಹೊರಗೆ ನಿಂತಿರುತ್ತೇನೆ.

ಇಂತಿ, ಬಳಕೆದಾರಳು


ಮಾರ್ಚ್ 29, ಶನಿವಾರ

ಅಕ್ಕಾ,

ನೀನು ನನ್ನನ್ನು ಬಹುವಚನದಲ್ಲಿ ಬೈದದ್ದು ಇದೇ ಮೊದಲು. ಏಕವಚನದಲ್ಲಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ರಜೆ ಕೇಳಿದೆ, ಕೊಡಲಿಲ್ಲ. "ಹೋದ್ರೆ ಪರೀಕ್ಷಾ ವಿಭಾಗಕ್ಕೆ ಮತ್ತೆ ಬರಬೇಡ. ಪ್ಯಾಕಿಂಗ್‌ನಲ್ಲಿ ಆಳು ಕಡಿಮೆ ಇದ್ದಾರೆ" ಎಂದರು ಮುಖ್ಯಸ್ಥರು. ಪ್ಯಾಕಿಂಗಿನಲ್ಲಿ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ. ಅಲ್ಲಿ ವಾಲಿದರೂ ಯಾರೂ ಕೇಳುವುದಿಲ್ಲ.

ಬರುತ್ತೇನೆ.

ತಮ್ಮ


ಏಪ್ರಿಲ್ 5, ಶನಿವಾರ

ತಮ್ಮಾ,

ಬಸ್ ನಿಲ್ದಾಣದಲ್ಲಿ ನಿನಗೆ ಒಂದು ವಿಷಯ ಹೇಳಲಿಲ್ಲ. ವಿಚಾರಣೆ ಹೇಗಾಯಿತು ಅಂತ ನೀನು ಕೇಳಿದೆ, ಆಮೇಲೆ ತಿಳಿಸುತ್ತಾರಂತೆ ಅಂತ ನಾನಂದೆ. ನಿಜ ಅದಲ್ಲ. ನಿನ್ನ ಮಾತು ಕೇಳಿ ಹೊರಗೆ ಕಳಿಸಿದ ಮೇಲೆ ಆಡಳಿತಾಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇವರು ನಿಮ್ಮ ತಮ್ಮ ಅಂತ ಗುಮಾಸ್ತರು ಹೇಳ್ತಿದ್ದಾರೆ. ತಮ್ಮನ ಮಾತಿಗೆ ನಾವು ಬೆಲೆ ಕೊಡೋಕಾಗಲ್ಲ. ಮೊದಲ ವರದಿಯೇ ನಿಲ್ತದೆ" ಅಂದರು.

"ಮೊದಲ್ನೇದನ್ನ ಬರೆದಾಗ ಅವನು ನನ್ನ ತಮ್ಮ ಆಗಿರಲಿಲ್ವಾ ಸಾರ್?" ಅಂದೆ.

ಅವರು ಕನ್ನಡಕ ಹಾಕಿಕೊಂಡರು. ನಾನು ಎದ್ದು ಬಂದೆ. ಅರ್ಧ ಗಂಟೆ ಕೂತಿದ್ದೆ ಅಂತ ಒಪ್ಪಿಕೊಂಡದ್ದನ್ನು ಮಾತ್ರ ಗುಮಾಸ್ತ ಅಂದವಾಗಿ ಬರೆದುಕೊಂಡಿದ್ದ.

ನೀನು ಪರೀಕ್ಷೆಯ ಕೆಲಸ ಬಿಟ್ಟು ಬಂದದ್ದು ನೀರಲ್ಲಿ ಹೋಮವಾಯಿತು ಅಂತ ನಿನಗೆ ಹೇಗೆ ಹೇಳಲಿ? ಅದಕ್ಕೇ ನಿನ್ನನ್ನು ಸಂಜೆಯವರೆಗೆ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಸರದಿ ಮುಗಿಸಿ ಬಂದ ನಮ್ಮ ಬಿಸಿನೀರಿನ ಹೆಂಗಸರು ಒಬ್ಬೊಬ್ಬರೇ ಸುತ್ತ ಸೇರಿದರು. ನೀನು ಮೊದಲಿನಿಂದ ಕಥೆ ಹೇಳಿದೆ. ಬಿಲ್ಲೆ ಅಂದಾಗ ಅಂಗೈ ಬಾಗಿಸಿ ತೋರಿಸಿದೆ, ರಸಮಟ್ಟ ಅಂದಾಗ ನೀನೇ ನಕ್ಕೆ. ನಾವೆಲ್ಲ ದೊಡ್ಡಮ್ಮ ಅನ್ನುವ ಎಂಟನೇ ಮಹಡಿಯ ಹಿರಿಯಳು, "ಅಂದ್ರೆ ಗುಂಡಿ ಇರೋ ಕಡೆ ಎತ್ತರಕ್ಕಿದ್ರೆ ಆರ್ತದೆ, ತಗ್ಗಿಗಿದ್ರೆ ನಮ್ಮನ್ನ ಸುಡ್ತದೆ, ಇಷ್ಟೇ ತಾನೇ ಮಗಾ?" ಅಂತ ಕೇಳಿದಳು. ನೀನು ಹೌದು ಅಂದೆ. ಅವರೆಲ್ಲ ಸೆರಗು ಕೊಡವಿ ಎದ್ದು ಹೋದರು. ಇವರಿಗೆ ಬೇಸರ ಬಂತೇನೋ ಅಂತ ನೀನು ನನ್ನನ್ನು ಕೇಳಿದ್ದು ನೆನಪಿದೆ. ಬೇಸರ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಏನು ಮಾಡಿದರು ಅನ್ನುವುದನ್ನು ಗುಬ್ಬಿ ಹೇಳಿದ ಹಾಗೆಯೇ ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ಐದೂವರೆಗೆ ಸರದಿ ಶುರುವಾದ ಕೂಡಲೇ ಸುಟ್ಟದ್ದನ್ನು ಬಿಟ್ಟು ಉಳಿದ ಹತ್ತು ಕೋಣೆಯಲ್ಲಿ ಹತ್ತು ಬಾಯ್ಲರಿನ ಮುಚ್ಚಳದ ಮೇಲೆ ಒಂದೊಂದು ತಟ್ಟೆ ನೀರು ಇಟ್ಟರು, ಅಂಚಿನವರೆಗೆ ತುಂಬಿಸಿ. ಆರು ಕೋಣೆಯಲ್ಲಿ ನೀರು ಮುಂದಕ್ಕೆ ಚೆಲ್ಲಿತು. ಆ ಆರನ್ನೂ ಪ್ಲಗ್ಗು ಕಿತ್ತು, ಇಬ್ಬಿಬ್ಬರು ಹಿಡಿದು ಹಿಂದುಮುಂದು ತಿರುಗಿಸಿ, ತುಂಬಿಸಿ, ಮತ್ತೆ ಹಚ್ಚಿದರು. ಗುಂಡಿ ಈಗ ಎತ್ತರಕ್ಕೆ, ಗೋಡೆಯ ಕಡೆಗೆ. ನಲ್ಲಿಯೂ ಗೋಡೆಯ ಕಡೆಗೆ.

ಏಳು ಗಂಟೆಗೆ ನರ್ಸುಗಳು ಫ್ಲಾಸ್ಕು ಹಿಡಿದು ಬಂದರು. ನಲ್ಲಿ ಎಲ್ಲಿ ಅಂತ ಹುಡುಕಿದರು. ರೋಗಿಗಳಿಗೆ ಬೇಕಾದ್ದನ್ನೆಲ್ಲ ನಮ್ಮವರೇ ಗೋಡೆಯ ಸಂದಿಗೆ ತೋಳು ತೂರಿಸಿ ತುಂಬಿಸಿಕೊಟ್ಟರು, ಒಬ್ಬರಿಗೂ ಇಲ್ಲ ಅನ್ನಲಿಲ್ಲ. ಡಾಕ್ಟರುಗಳಿಗೆ ಮಾತ್ರ, "ಸ್ವಲ್ಪ ಕೈ ಹಾಕಿ ತಗೊಳ್ಳಿ ಸಾರ್" ಅಂದರು. ಒಂಬತ್ತೂವರೆಗೆ ಆಡಳಿತಾಧಿಕಾರಿಗಳ ಕಾಫಿಗೆ ನೀರು ಬರಲಿಲ್ಲ. ಲೋಟ ಹಿಡಿದು ತಾವೇ ಎಂಟನೇ ಮಹಡಿಯ ಕೋಣೆಗೆ ಬಂದರು, ಹಿಂದೆ ಗುಮಾಸ್ತ.

"ಯಾರು ತಿರುಗಿಸಿದ್ದು ಇದನ್ನ?"

"ನೆಲ ಸಾರ್" ಅಂದಳಂತೆ ದೊಡ್ಡಮ್ಮ. "ಈ ನೆಲದ ಮೇಲೆ ಹೀಗಿಟ್ರೆ ಮಾತ್ರ ಆರ್ತದೆ. ಮೊದಲಿನ ಹಾಗೇ ತಿರುಗಿಸಿ ಇಡಿ ಅಂತ ತಾವು ಬರೆದುಕೊಡಿ, ಈಗಲೇ ಇಡ್ತೀವಿ. ಆಮೇಲೆ ಸುಟ್ರೆ ನಿರ್ಲಕ್ಷ್ಯ ಯಾರದು ಅಂತ ಕೇಳೋಹಾಗಿರಬಾರದು, ಅಷ್ಟೇ."

ಅವರು ಬರೆಯಲಿಲ್ಲ. ಗೋಡೆಗೂ ಬಾಯ್ಲರಿಗೂ ನಡುವೆ ಕೈ ತೂರಿಸಿ ನಲ್ಲಿ ಹುಡುಕಿದರು. ಸಿಕ್ಕಿತು. ಲೋಟಕ್ಕಿಂತ ಮೊದಲು ಅಂಗಿಯ ತೋಳಿಗೆ ಬಂತು ನೀರು. ಆಮೇಲೆ ಗುಮಾಸ್ತನ ಕಡೆ ತಿರುಗಿ, "ಸ್ಟ್ಯಾಂಡಿನ ಕಾಲು ಮಟ್ಟ ಮಾಡೋಕೆ ವೆಲ್ಡಿಂಗಿನವನಿಗೆ ಚೀಟಿ ಬರೀ" ಅಂದರು.

"ಕಾರಣ ಅಂತ ಒಂದು ಸಾಲು ತುಂಬಬೇಕು ಸಾರ್. ಏನಂತ ಬರೀಲಿ?"

ದೊಡ್ಡಮ್ಮನ ಪಕ್ಕದಲ್ಲಿದ್ದ ಗುಬ್ಬಿಯೇ ಹೇಳಿದಳಂತೆ: "ಇದ್ದದ್ದನ್ನೇ ಬರೀರಿ ಅಣ್ಣ. ನೆಲ ವಾಲಿದೆ, ಅದಕ್ಕೇ ಕಟ್-ಆಫ್ ಕೆಲಸ ಮಾಡಲ್ಲ ಅಂತ."

ಗುಮಾಸ್ತ, ಸಾಹೇಬರ ಮುಖ ನೋಡಿದ. ಸಾಹೇಬರು ತೋಳು ಹಿಂಡಿಕೊಳ್ಳುತ್ತಿದ್ದರು. ಹಾಗೇ ಬರೆದ. ಅವರು ಸಹಿ ಹಾಕಿದರು.

ನಾನು ಎಂದಿನ ಹಾಗೆ ಗೇಟಿನ ಹೊರಗೆ ನಿಂತಿದ್ದೆ. ಹತ್ತು ಗಂಟೆಯ ವಿರಾಮಕ್ಕೆ ಹನ್ನೊಂದೂ ಜನ ಸಾಲಾಗಿ ಇಳಿದು ಬಂದರು. ದೊಡ್ಡಮ್ಮ ಆ ಚೀಟಿಯ ಪ್ರತಿಯನ್ನು ಕಾವಲುಗಾರನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವನು ಚಿಲಕ ತೆಗೆದ. ನನ್ನನ್ನು ನಡುವೆ ಹಾಕಿಕೊಂಡು ಮೂರನೇ ಮಹಡಿಗೆ ಹತ್ತಿಸಿದರು. ಮೆಟ್ಟಿಲ ತಿರುವಿನಲ್ಲಿ ಆಡಳಿತಾಧಿಕಾರಿ ಎದುರಾದರು. ಒಂದು ಗಳಿಗೆ ನಿಂತು ನಮ್ಮನ್ನೆಲ್ಲ ನೋಡಿದರು, ಆಮೇಲೆ ಗೋಡೆಗೆ ಸರಿದು ದಾರಿ ಬಿಟ್ಟರು. ಅವರ ಅಂಗಿಯ ಬಲತೋಳು ಮೊಣಕೈವರೆಗೆ ಇನ್ನೂ ಒದ್ದೆಯಾಗಿತ್ತು.

ಅಕ್ಕ